ಬಾಯಿಮಾತಲ್ಲೇ ಕೆಲಸದಿಂದ ತೆಗೆದರೆ: ಈ ವಾರವೇ ಹೊರಡಬೇಕಾದ ಕಾಗದ

ಓದುಗರ ಪತ್ರ: ಕಲಬುರಗಿಯ ತೊಗರಿ ಬೇಳೆ ಮಿಲ್ಲೊಂದರಲ್ಲಿ 4 ವರ್ಷ 7 ತಿಂಗಳಿಂದ ವೇಬ್ರಿಜ್ ಚೀಟಿ ಬರೆಯುವ, ಬಿಲ್ಲು ಮಾಡುವ ಕೆಲಸ ನನ್ನದು. ಸಂಬಳ 15,600 ರೂಪಾಯಿ. ಐದು ತಿಂಗಳ ಬಸುರಿ ಎಂದು ಮುನೀಮರಿಗೆ ತಿಳಿಸಿದ ವಾರದಲ್ಲೇ 'ನಾಳಿಂದ ಬರಬ್ಯಾಡ್ರಿ, ಮನ್ಯಾಗ ಆರಾಮ ಇರ್ರಿ' ಅಂದರು. ಕಾಗದ ಕೊಟ್ಟಿಲ್ಲ, ಕೊನೇ ತಿಂಗಳ ಸಂಬಳವೂ ಬಂದಿಲ್ಲ. ನನಗಿಂತ ಎಷ್ಟೋ ಈಚೆಗೆ ಸೇರಿದ ಹುಡುಗನನ್ನು ನನ್ನ ಜಾಗದಲ್ಲಿ ಕೂರಿಸಿದ್ದಾರೆ. ಸೇರುವಾಗ ಎರಡು ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡಿದ್ದರು. ಈಗ '10,000 ಕೊಡ್ತೀವಿ, ವೋಚರಿಗೆ ಸಹಿ ಮಾಡ್ರಿ' ಅಂತಾರೆ. ಇದೆಲ್ಲ ಆಗಿ 20 ದಿನ. ಕೇಸು ನಿಲ್ಲುತ್ತದೆಯೇ? ವಕೀಲರ ಫೀಸು ಎಲ್ಲಿಂದ ತರಲಿ?
– ಓದುಗ ಸೋದರಿ, ಕಲಬುರಗಿ

ಸಂಪಾದಕರ ಉತ್ತರ:

ಕೇಸು ನಿಲ್ಲುತ್ತದೆ, ಸೋದರಿ. ವೋಚರಿಗೆ ಸಹಿ ಹಾಕಬೇಡಿ. ವಕೀಲರನ್ನು ಹುಡುಕುವ ಮೊದಲೇ ಮಿಲ್ಲಿನ ಮಾಲೀಕರ ಹೆಸರಿಗೆ ನಿಮ್ಮಿಂದ ಒಂದು ಕಾಗದ ಹೋಗಬೇಕು, ಅದೂ ಈ ವಾರವೇ.

ಯಾಕೆಂದರೆ ಬಾಯಿಮಾತಲ್ಲಿ ಕೆಲಸದಿಂದ ತೆಗೆದ ಮಾಲೀಕರು ಮುಂದೆ ಹೇಳುವುದು ಹೆಚ್ಚಾಗಿ ಎರಡೇ ಮಾತು. 'ನಾವು ತೆಗೆದೇ ಇಲ್ಲ, ಅವರೇ ಬರೋದು ಬಿಟ್ಟರು' ಎಂಬುದು ಒಂದು. ಖಾಲಿ ಹಾಳೆಯ ಸಹಿಯ ಮೇಲೆ ರಾಜೀನಾಮೆ ಬರೆದು ಮುಂದಿಡುವುದು ಇನ್ನೊಂದು. ಆರು ತಿಂಗಳು ಸುಮ್ಮನಿದ್ದು ಆಮೇಲೆ ದೂರು ಕೊಟ್ಟರೆ ನಿಮ್ಮ ಮೌನವೇ ಅವರ ಕೈಗೆ ಸಾಕ್ಷಿಯಾಗುತ್ತದೆ. ಆ ಎರಡೂ ಮಾತಿಗೆ ಈಗಲೇ ಬಾಗಿಲು ಹಾಕಬೇಕು. ಕಾಗದ ಒಂದು ಪುಟ ಮೀರದಿರಲಿ, ಬೈಗುಳ ಬೇಡ, ದಿನಾಂಕ ತಪ್ಪದಿರಲಿ. ಹೀಗೆ ಬರೆಯಬಹುದು:

'ನಾನು ಇಂಥ ದಿನಾಂಕದಿಂದ ನಿಮ್ಮ ಮಿಲ್ಲಿನಲ್ಲಿ ವೇಬ್ರಿಜ್ ಮತ್ತು ಬಿಲ್ಲಿಂಗ್ ಕೆಲಸ ಮಾಡುತ್ತಿದ್ದೇನೆ. ಗರ್ಭಿಣಿ ಎಂದು ಇಂಥ ದಿನ ತಿಳಿಸಿದೆ. ಇಂಥ ದಿನ ಇಷ್ಟು ಗಂಟೆಗೆ ಮುನೀಮರು ನಾಳೆಯಿಂದ ಬರಬೇಡಿ ಎಂದು ಬಾಯಿಮಾತಿನಲ್ಲಿ ಹೇಳಿದರು. ನಾನು ರಾಜೀನಾಮೆ ಕೊಟ್ಟಿಲ್ಲ. ಸೇರುವಾಗ ಎರಡು ಖಾಲಿ ಹಾಳೆಗಳ ಮೇಲೆ ನನ್ನ ಸಹಿ ಪಡೆದಿದ್ದೀರಿ. ಅವುಗಳಲ್ಲಿ ಏನೇ ಬರೆದರೂ ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ನಾನು ಇಂದೂ ಕೆಲಸಕ್ಕೆ ಬರಲು ಸಿದ್ಧಳಿದ್ದೇನೆ. ಬಾಕಿ ಸಂಬಳ ನನ್ನ ಬ್ಯಾಂಕ್ ಖಾತೆಗೆ ಹಾಕಿರಿ.'

ಇದನ್ನು ಸ್ಪೀಡ್ ಪೋಸ್ಟಿನಲ್ಲಿ, ತಲುಪಿದ್ದಕ್ಕೆ ಪುರಾವೆ ಬರುವಂತೆ ಕಳಿಸಿ. ಅದೇ ದಿನ ಮುನೀಮರ ವಾಟ್ಸಾಪಿಗೂ ಫೋಟೋ ಹಾಕಿ. ಅಂಚೆ ರಸೀದಿಯ ಅಕ್ಷರ ಬೇಗ ಮಾಸುತ್ತದೆ, ಅಂದೇ ಜೆರಾಕ್ಸ್ ಮಾಡಿಸಿಡಿ. ಕಾಗದ ತಲುಪಿದ ಮೇಲೆ ಮಿಲ್ಲಿನವರು 'ಬನ್ನಿ' ಎಂದು ಬರೆದರೆ ಹೋಗಲೇಬೇಕು. ಹೋಗದಿದ್ದರೆ ಕೇಸು ಅಲ್ಲಿಗೇ ಸಡಿಲವಾಗುತ್ತದೆ. ಗೇಟಿನಲ್ಲಿ ತಡೆದರೆ ಅಲ್ಲೇ ನಿಂತು 'ಈಗ 9 ಗಂಟೆಗೆ ಬಂದಿದ್ದೇನೆ, ಒಳಗೆ ಬಿಡುತ್ತಿಲ್ಲ' ಎಂದು ಮೆಸೇಜು ಮಾಡಿ.

ಈಗ ಹಕ್ಕಿನ ಲೆಕ್ಕ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗದಲ್ಲಿ ಈಗಿರುವುದು ಕೈಗಾರಿಕಾ ಸಂಬಂಧ ಸಂಹಿತೆ. ಗುಮಾಸ್ತೆ ಕೆಲಸ ಮಾಡುವವರೂ ಅದರಲ್ಲಿ ಕಾರ್ಮಿಕರೇ. ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರು ಮತ್ತು ಆಡಳಿತ ನಡೆಸುವವರು ಮಾತ್ರ ಹೊರಗುಳಿಯುತ್ತಾರೆ. ಗುರುತಿನ ಚೀಟಿಯಲ್ಲಿ 'ಸೂಪರ್‌ವೈಸರ್' ಎಂದು ಅಚ್ಚಾಗಿದ್ದರೂ ಹೆದರಬೇಡಿ, ನಿಜವಾಗಿ ಮಾಡಿದ ಕೆಲಸವನ್ನೇ ನೋಡುತ್ತಾರೆ. ವರ್ಷ ಪೂರೈಸಿದ ಕಾರ್ಮಿಕರನ್ನು ತೆಗೆಯಬೇಕಾದರೆ ಕಾರಣ ಬರೆದ ಒಂದು ತಿಂಗಳ ನೋಟಿಸು ಅಥವಾ ಆ ತಿಂಗಳ ಸಂಬಳ ಕೊಡಬೇಕು. ಅದರ ಮೇಲೆ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನ. ಆರು ತಿಂಗಳು ಮೀರಿದ ತುಂಡು ವರ್ಷವೂ ಪೂರ್ತಿ ವರ್ಷ. ನಿಮ್ಮ 4 ವರ್ಷ 7 ತಿಂಗಳು ಇಲ್ಲಿ 5 ವರ್ಷ ಆಗುತ್ತದೆ. ಅರ್ಧ ತಿಂಗಳ ಸಂಬಳ 7,800, ಐದು ವರ್ಷಕ್ಕೆ 39,000. ನೋಟಿಸಿನ 15,600 ಸೇರಿಸಿದರೆ 54,600 ರೂಪಾಯಿ. ಬಾಕಿ ಸಂಬಳ, ಹೆರಿಗೆ ಭತ್ಯೆ ಇದರಲ್ಲಿ ಬಂದಿಲ್ಲ. ಅವರು ತೋರಿಸುತ್ತಿರುವುದು 10,000. ಇಷ್ಟೂ ಕೊಟ್ಟೇ ತೆಗೆದಿದ್ದರೂ, ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕೆಂಬ ನಿಯಮವಿದೆ. ನಿಮ್ಮ ಕುರ್ಚಿಯಲ್ಲಿ ಈಚೆಗೆ ಬಂದ ಹುಡುಗ ಕೂತಿದ್ದಾನೆ ಎಂಬುದನ್ನು ಅರ್ಜಿಯಲ್ಲಿ ಬಿಡದೆ ಬರೆಯಿರಿ; ಕೆಲಸ ಮುಗಿದಿಲ್ಲ, ನಿಮ್ಮನ್ನಷ್ಟೇ ತೆಗೆದರು ಎಂಬುದಕ್ಕೆ ಅದೇ ಪುರಾವೆ.

ಇಂಥ ಕೇಸು ಹೆಚ್ಚು ಸೋಲುವುದು ಕೆಲಸ ಮಾಡಿದ್ದನ್ನು ತೋರಿಸುವ ಹಂತದಲ್ಲಿ. ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದಿರಬೇಕು. ಸಂಬಳ ಸಿಕ್ಕ ಭಾನುವಾರ, ಹಬ್ಬದ ರಜೆಗಳೂ ಲೆಕ್ಕಕ್ಕೆ ಬರುತ್ತವೆ. ಅದನ್ನು ಸಾಬೀತುಪಡಿಸುವ ಹೊಣೆ ಕಾರ್ಮಿಕರದ್ದೇ, ಬರೀ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ) ಸಾಲದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ್ದು ಕರ್ನಾಟಕದ್ದೇ ಅರಣ್ಯ ಇಲಾಖೆಯ ಪ್ರಕರಣದಲ್ಲಿ. 2005ರಲ್ಲಿ ನಮ್ಮ ರಾಜ್ಯದ್ದೇ ಇನ್ನೊಂದು ಪ್ರಕರಣದಲ್ಲಿ, ಹಾಜರಿ ಪುಸ್ತಕ ತರಿಸಿ ಎಂದು ಕಾರ್ಮಿಕರು ನ್ಯಾಯಾಲಯವನ್ನು ಕೇಳಬಹುದು ಎಂದಿತು. ಹಾಗಾಗಿ ಮಿಲ್ಲಿನ ಪುಸ್ತಕಗಳನ್ನು ಎತ್ತಿಕೊಂಡು ಬರಬೇಡಿ, ಕಳವಿನ ದೂರು ತಲೆಗೆ ಬಂದೀತು. ನಿಮ್ಮಲ್ಲಿರುವುದನ್ನು ಕೂಡಿಸಿ: ಸಂಬಳ ಜಮಾ ಆದ ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ದಾಖಲೆ, ಪಿಎಫ್ ಪಾಸ್‌ಬುಕ್, 'ಇವತ್ತು ಎಷ್ಟು ಲಾರಿ ತೂಕ ಆದವು' ಎಂದು ಮುನೀಮರು ಕೇಳಿದ ಮೆಸೇಜುಗಳು, ಆಯುಧ ಪೂಜೆಯಂದು ಮಿಲ್ಲಿನಲ್ಲಿ ತೆಗೆದ ಫೋಟೋ. ಮೆಸೇಜು ಇರುವ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಬರೀ ಸ್ಕ್ರೀನ್‌ಶಾಟ್ ಸಾಲದೆ ಮೂಲ ಫೋನು ಬೇಕಾದೀತು. ಪಿಎಫ್ ಪೋರ್ಟಲಿನಲ್ಲಿ ಕೆಲಸ ಬಿಟ್ಟ ದಿನಾಂಕ ಮತ್ತು ಕಾರಣ ಹಾಕಿದ್ದಾರೆಯೇ ಎಂದು ಇವತ್ತೇ ನೋಡಿ.

ಕಾಗದ ತಲುಪಿ ಏಳೆಂಟು ದಿನ ಕಳೆದರೂ ಉತ್ತರ ಬಾರದಿದ್ದರೆ ಕಲಬುರಗಿಯ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿ. ಸ್ವೀಕೃತಿ ಮೊಹರು ಹಾಕಿಸಿದ ಪ್ರತಿ ಇಲ್ಲದೆ ಕಚೇರಿಯಿಂದ ಹೊರಬರಬೇಡಿ. ಅರ್ಜಿಯ ಕೊನೆಯಲ್ಲಿ 'ಸೇವಾ ನಿರಂತರತೆ ಮತ್ತು ಹಿಂಬಾಕಿ ವೇತನದೊಂದಿಗೆ ಮರುನೇಮಕ' ಎಂದೇ ಕೇಳಿ. ಹಿಂಬಾಕಿ ವೇತನ ಅಂದರೆ ತೆಗೆದ ದಿನದಿಂದ ಮತ್ತೆ ಸೇರಿಸಿಕೊಳ್ಳುವವರೆಗಿನ ಸಂಬಳ. ಬರೀ ದುಡ್ಡು ಕೇಳಿದವರಿಗೆ ಆಮೇಲೆ ಕೆಲಸ ಕೇಳುವುದು ಕಷ್ಟ. ಬೇರೆಡೆ ದುಡಿಮೆ ಇಲ್ಲದಿದ್ದರೆ ಅದನ್ನೂ ಬರೆಯಿರಿ, ಹಿಂಬಾಕಿ ವೇತನ ನಿಂತಿರುವುದು ಆ ಸಾಲಿನ ಮೇಲೆ. ಸಂಬಳ ಕೊಡುತ್ತಿದ್ದುದು ಗುತ್ತಿಗೆದಾರ ಆಗಿದ್ದರೆ ಮಿಲ್ಲು, ಗುತ್ತಿಗೆದಾರ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಇಲಾಖೆಯ ಸಂಧಾನಾಧಿಕಾರಿ ರಾಜಿ ಮಾಡಿಸಬಲ್ಲರು, ಆದೇಶ ಮಾಡಲಾರರು. ಇದು ಗೊತ್ತಿಲ್ಲದೆ ಎಷ್ಟೋ ಜನ ಅಲ್ಲೇ ನಿರಾಶರಾಗಿ ಕೈಬಿಡುತ್ತಾರೆ. ಸಂಧಾನದಲ್ಲಿ ವಕೀಲರಿಗೆ ಅವಕಾಶವಿಲ್ಲ, ಕಾರ್ಮಿಕ ಸಂಘದ ಪದಾಧಿಕಾರಿಯನ್ನು ಕರೆದೊಯ್ಯಬಹುದು. ಶುರುವಾದ 45 ದಿನದೊಳಗೆ ಅಧಿಕಾರಿ ವರದಿ ಕೊಡಬೇಕು. ರಾಜಿ ಆಗದಿದ್ದರೆ ವರದಿ ಕೈಸೇರಿದ 90 ದಿನದೊಳಗೆ ನೀವೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಹೊಸ ಮಂಡಳಿಗಳು ಆಗುವವರೆಗೆ ಈಗಿರುವ ಕಾರ್ಮಿಕ ನ್ಯಾಯಾಲಯಗಳೇ ಈ ಕೆಲಸ ಮಾಡುತ್ತವೆ. ಎರಡು ವರ್ಷ ದಾಟಿದ ವಿವಾದವನ್ನು ಸಂಧಾನಕ್ಕೆ ತೆಗೆದುಕೊಳ್ಳುವುದಿಲ್ಲ. ಬಾಕಿ ಸಂಬಳ ಬೇರೆಯೇ ವಿಷಯ: ತೆಗೆದ ಎರಡು ಕೆಲಸದ ದಿನದೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ, ಅದಕ್ಕೆ ಪ್ರತ್ಯೇಕ ಅರ್ಜಿ ಕೊಡಿ.

ನಿಮ್ಮ ವಿಷಯದಲ್ಲಿ ಎಲ್ಲಕ್ಕಿಂತ ಬಿಗಿಯಾದ ಗಡುವು ಹೆರಿಗೆ ಸೌಲಭ್ಯದ್ದು. ಬಸುರಿ ಇರುವಾಗ ಕೆಲಸದಿಂದ ತೆಗೆದರೂ ಹೆರಿಗೆ ಭತ್ಯೆ ತಪ್ಪಿಸಲು ಬರುವುದಿಲ್ಲ. ಅದರ ಮೇಲ್ಮನವಿಗೆ ಇರುವುದು 60 ದಿನ. ಪತ್ರ ಬರೆದಾಗಲೇ 20 ಕಳೆದಿದ್ದವು, ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಇನ್ನಷ್ಟು ಕಳೆದಿರುತ್ತವೆ. ಸಂಬಳದ ಚೀಟಿಯಲ್ಲಿ ಇಎಸ್‌ಐಗೆ (ನೌಕರರ ರಾಜ್ಯ ವಿಮೆಗೆ) 117 ರೂಪಾಯಿ ಕಡಿದಿದ್ದಾರೆಯೇ ನೋಡಿ. 15,600ಕ್ಕೆ ಶೇ 0.75 ಅಂದರೆ ಅಷ್ಟೇ. 10 ಅಥವಾ ಹೆಚ್ಚು ಜನ ದುಡಿಯುವ ಕಡೆ 21,000 ರೂಪಾಯಿವರೆಗೆ ಸಂಬಳದವರಿಗೆ ಇಎಸ್‌ಐ ಕಡ್ಡಾಯ. ಹಿಂದಿನ ಎರಡು ವಂತಿಗೆ ಅವಧಿಯಲ್ಲಿ (ಒಂದೊಂದು ಅವಧಿ ಆರು ತಿಂಗಳದ್ದು) 70 ದಿನದ ವಂತಿಗೆ ಇದ್ದರೆ ಮೊದಲ ಎರಡು ಹೆರಿಗೆಗೆ 26 ವಾರದ ಪೂರ್ತಿ ವೇತನ ಇಎಸ್‌ಐ ನಿಗಮದಿಂದಲೇ ಬರುತ್ತದೆ. ದುಡ್ಡು ಕಡಿದು ಕಟ್ಟಿಲ್ಲವೆಂದರೆ ಇಎಸ್‌ಐ ಕಚೇರಿಗೆ ಸಂಬಳದ ಚೀಟಿ ಸಮೇತ ದೂರು ಕೊಡಿ. ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿಗಳ ಜೆರಾಕ್ಸ್ ಎಲ್ಲ ಅರ್ಜಿಗೂ ಲಗತ್ತಿಸಿ.

ಫೀಸಿನ ಚಿಂತೆ ಬಿಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಕೈಗಾರಿಕಾ ಕಾರ್ಮಿಕರಿಗೂ, ಪರಿಶಿಷ್ಟರಿಗೂ, ಅಂಗವಿಕಲರಿಗೂ ಹಾಗೆಯೇ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಆಧಾರ್, ಎರಡು ಫೋಟೋ ಮತ್ತು ಮೇಲೆ ಹೇಳಿದ ಕಾಗದದ ಪ್ರತಿ ಒಯ್ಯಿರಿ. ಫೋನಿನಲ್ಲಾದರೆ 15100. ಸಿಕ್ಕ ವಕೀಲರಿಗೆ ಕಾರ್ಮಿಕ ಕೇಸಿನ ಅನುಭವವಿದೆಯೇ ಎಂದು ಕೇಳಲು ಸಂಕೋಚ ಬೇಡ. ಇಲ್ಲವೆಂದರೆ ಬೇರೆಯವರನ್ನು ಕೊಡಿ ಎಂದು ಅರ್ಜಿ ಹಾಕಿ.

ಇದೇ ತೊಂದರೆಯಲ್ಲಿರುವ ಬೇರೆ ಓದುಗರಿಗೂ ಎರಡು ಮಾತು. ಬೀದರ, ಯಾದಗಿರಿಯವರು ತಮ್ಮ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿಯಿಂದಲೇ ಶುರು ಮಾಡಬಹುದು. ಸೇಡಂ, ವಾಡಿ ಕಡೆಯ ಸುಣ್ಣಕಲ್ಲು ಗಣಿಯವರು, ರೈಲ್ವೆ ಮತ್ತು ಬ್ಯಾಂಕಿನವರು ಕೇಂದ್ರ ಸರ್ಕಾರದ ಕಾರ್ಮಿಕ ಇಲಾಖೆಗೆ ಸೇರುತ್ತಾರೆ. ರಾಜ್ಯದ ಕಚೇರಿಯಲ್ಲಿ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾದರೆ ಗಡುವು ಸುಮ್ಮನೆ ಕರಗುತ್ತದೆ. ಸಂವಿಧಾನದ 371ಜೆ ವಿಧಿಯ ಹೆಸರಿನಲ್ಲಿ ಖಾಸಗಿ ಕಾರ್ಖಾನೆಯ ವಜಾ ಪ್ರಶ್ನಿಸಲು ಬರುವುದಿಲ್ಲ, ಅದು ಸರ್ಕಾರಿ ನೌಕರಿ ಮತ್ತು ಶಿಕ್ಷಣದ ಮೀಸಲಾತಿಗೆ ಸಂಬಂಧಿಸಿದ್ದು. ಲೈಂಗಿಕ ಕಿರುಕುಳ ತಡೆದದ್ದಕ್ಕೆ ಕೆಲಸ ಹೋಗಿದ್ದರೆ ಮೂರು ತಿಂಗಳೊಳಗೆ ಸಂಸ್ಥೆಯ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು. 10ಕ್ಕಿಂತ ಕಡಿಮೆ ಜನ ಇರುವಲ್ಲಿ ಅಥವಾ ದೂರು ಮಾಲೀಕರ ಮೇಲೆಯೇ ಇದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ.