ರಿಮೋಟ್ ಮಾವನವರ ಕೈಗೆ ಕೊಡಿ

ಕೊಪ್ಪಳದ ತಂಗಿ, ನಿಮ್ಮ ನಾಲ್ಕು ಪುಟದ ಪತ್ರ ಕಳೆದ ಸೋಮವಾರ ಕೈಸೇರಿತು. ಓದಿದ ಮೇಲೆ ಉಳಿದ ಪತ್ರಗಳನ್ನು ತೆರೆಯುವ ಮನಸ್ಸಾಗಲಿಲ್ಲ. ಈ ವಾರದ ಅಂಕಣ ನಿಮಗೊಬ್ಬರಿಗೇ.

ಉಳಿದ ಓದುಗರಿಗಾಗಿ ವಿಷಯ ಚುಟುಕಾಗಿ ಹೇಳುತ್ತೇನೆ. ಈ ತಂಗಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಗಂಡನದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಮಗಳು ಎಸ್ಸೆಸ್ಸೆಲ್ಸಿ, ಮಗ ಆರನೆಯ ಇಯತ್ತೆ. ಮಾವನವರಿಗೆ 76 ವರ್ಷ, ಗಂಗಾವತಿಯ ರೈಸ್ ಮಿಲ್ಲುಗಳಲ್ಲಿ 34 ವರ್ಷ ಫಿಟ್ಟರ್ ಆಗಿ ದುಡಿದವರು. ಮೂರು ವರ್ಷದ ಹಿಂದೆ ಅತ್ತೆ ತೀರಿಕೊಂಡಾಗ ಗಂಗಾವತಿಯ ಮನೆ ಬಾಡಿಗೆಗೆ ಕೊಟ್ಟು ಅವರನ್ನು ಕೊಪ್ಪಳಕ್ಕೆ ಕರೆದುಕೊಂಡು ಬಂದರು. ಅಲ್ಲಿಂದ ಮಾತು ಕಡಿಮೆಯಾಗುತ್ತ ಬಂತು. ಬೆಳಿಗ್ಗೆ ಗವಿಮಠದ ತನಕ ಒಬ್ಬರೇ ನಡೆದು ಬರುತ್ತಾರೆ, ಆಮೇಲೆ ದಿನವಿಡೀ ಪಡಸಾಲೆಯ ಕುರ್ಚಿ. ಮಠದ ಹಾದಿಯಲ್ಲಿ ಒಬ್ಬ ನಿವೃತ್ತ ಮಾಸ್ತರರ ಗುರುತಾಯಿತು. ಆ ಮಾಸ್ತರರು ಮತ್ತು ಕೆಲವು ಕಾಲೇಜು ಹುಡುಗರು ಸೇರಿ ಒಂದು ಸಣ್ಣ ಸಂಘ ಮಾಡಿಕೊಂಡಿದ್ದಾರೆ. ಮಾತಿಗೆ ಜನವಿಲ್ಲದ ಹಿರಿಯರ ಮನೆಗೆ ವಾರಕ್ಕೊಮ್ಮೆ ಹೋಗಿ ಒಂದು ತಾಸು ಕುಂತು ಬರುವುದು ಅವರ ಕೆಲಸ. ಆರು ತಿಂಗಳಿಂದ ಪ್ರತಿ ಗುರುವಾರ ಸಂಜೆ ಐದಕ್ಕೆ ಬಿ.ಕಾಂ. ಓದುವ ಹುಡುಗನೊಬ್ಬ ಈ ಮನೆಗೆ ಬರುತ್ತಿದ್ದಾನೆ.

ಹುಡುಗ ಬಂದರೆ ಮಾವನವರು ನಗುತ್ತಾರೆ, ಮಿಲ್ಲಿನ ಕಥೆ ಹೇಳುತ್ತಾರೆ. ಅವನು ಹೋದ ಮೇಲೆ ಮತ್ತೆ ಮೌನ. ಒಂದು ಗುರುವಾರ ಅಡುಗೆಮನೆಯಲ್ಲಿದ್ದ ಸೊಸೆಯ ಕಿವಿಗೆ ಅವರ ಮಾತು ಬಿತ್ತು: ‘ಮನ್ಯಾಗ ಯಾರೂ ನನ್ನ ಕೂಡ ಮಾತಾಡಂಗಿಲ್ಲಪ್ಪಾ.’ ಇದು ಹೇಗೋ ಹುಬ್ಬಳ್ಳಿಯಲ್ಲಿರುವ ನಾದಿನಿಗೆ ಮುಟ್ಟಿತು. ಅವರು ಫೋನ್ ಮಾಡಿ, ‘ನಾಕು ಮಂದಿ ಇರೋ ಮನ್ಯಾಗ ನಮ್ಮಪ್ಪನ್ನ ಅನಾಥ ಮಾಡಿಟ್ಟೀರಿ, ಸಂಘದವ್ರು ಬಂದು ಮಾತಾಡ್ಸೋ ಹಂಗ ಆತು’ ಎಂದು ಬೈದರು. ‘ಅಪ್ಪಗ ಅರುಳುಮರುಳು ಶುರು ಆಗೇತಿ, ಕೇಳಿದ್ದೊಂದು ಹೇಳೋದೊಂದು’ ಅಂತಲೂ ಸೇರಿಸಿದರು. ಗಂಡ, ‘ಇದೆಲ್ಲ ಫಾರಿನ್ ಮಂದಿ ಪದ್ಧತಿ, ಆ ಹುಡುಗನ್ನ ಬಿಡಿಸು’ ಅಂದರು. ಈಗ ತಂಗಿಯ ಪ್ರಶ್ನೆ: ಮಾವನವರ ಮನಸ್ಸು ನೋಯದ ಹಾಗೆ ಆ ಹುಡುಗನಿಗೆ ಬರಬೇಡ ಅಂತ ಹೇಗೆ ಹೇಳಲಿ?

ಹೇಳಬೇಡಿ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅಷ್ಟೇ.

ಆದರೆ ನಿಮ್ಮ ಮೂರನೆಯ ಪುಟದ ಕೆಳಗೆ, ಬೇರೇನೋ ಬರೆಯುತ್ತ ನಡುವೆ ಒಂದು ಸಾಲು ಹಾಕಿದ್ದೀರಿ. ‘ಟಿವಿ ಸೌಂಡ್ ವಿಪರೀತ ಇಡ್ತಾರ, ಮಗಳ ಓದಿಗೆ ತ್ರಾಸ ಆಗ್ತದ ಅಂತ ರಿಮೋಟ್ ನಾವ ಇಟ್ಕೊಂಡೀವಿ.’ ನಾದಿನಿಯ ಮಾತಿಗೆ ಒಂದೂವರೆ ಪುಟ ಕೊಟ್ಟ ನೀವು ಇದಕ್ಕೆ ಕೊಟ್ಟಿದ್ದು ಒಂದೇ ಸಾಲು. ನಾನು ಪತ್ರ ಕೆಳಗಿಟ್ಟಿದ್ದು ಆ ಸಾಲಿನಲ್ಲಿ.

ತಂಗಿ, ನಿಮ್ಮ ಮಾವನವರಿಗೆ ಕಿವಿ ಕೇಳಿಸುತ್ತಿಲ್ಲ.

ನಾನು ಡಾಕ್ಟರಲ್ಲ, ಖಾತ್ರಿ ಮಾಡಬೇಕಾದವರು ಡಾಕ್ಟರೇ. ಆದರೂ 34 ವರ್ಷ ರೈಸ್ ಮಿಲ್ಲಿನ ಮಷಿನ್ ಪಕ್ಕ ನಿಂತವರ ಕಿವಿಯ ಬಗ್ಗೆ ಊಹೆ ಮಾಡಲು ಬಹಳ ಜಾಣತನ ಬೇಕಿಲ್ಲ. ಗಂಗಾವತಿಯಲ್ಲಿ ಒಂದು ಮಿಲ್ಲಿನೊಳಗೆ ಹೋಗಿ ನಿಂತು ನೋಡಿ. ಮೋಟಾರು, ಬೆಲ್ಟು, ಭತ್ತ ಮೇಲಕ್ಕೆತ್ತುವ ಎಲಿವೇಟರು, ಪಾಲಿಶರು ಎಲ್ಲ ಕೂಡಿ ಎದೆ ನಡುಗುವ ಸದ್ದು. ಪಕ್ಕದವನಿಗೆ ಏನಾದರೂ ಹೇಳಬೇಕಾದರೆ ಕಿವಿಗೆ ಬಾಯಿ ಹಚ್ಚಿ ಕೂಗಬೇಕು. 85 ಡೆಸಿಬಲ್ ಮೀರಿದ ಸದ್ದಿನಲ್ಲಿ ದಿನಕ್ಕೆ 8 ತಾಸಿನಂತೆ ವರ್ಷಗಟ್ಟಲೆ ಇದ್ದರೆ ಒಳಗಿವಿಯ ಸೂಕ್ಷ್ಮ ಕೂದಲಿನಂಥ ಜೀವಕೋಶಗಳು ಸಾಯುತ್ತ ಹೋಗುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಅದರ ಮೇಲೆ ವಯಸ್ಸು ಬೇರೆ. 60 ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ದಿನದ ಬದುಕಿಗೇ ತೊಡಕಾಗುವಷ್ಟು ಕಿವಿ ಮಂದವಾಗಿರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈ ಬಗೆಯ ಕಿವುಡಿನಲ್ಲಿ ಒಂದು ಮೋಸವಿದೆ. ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಮೊದಲು ಹೋಗುವುದು ಸಣ್ಣ, ತೀಕ್ಷ್ಣ ಸ್ವರ. ಅಂದರೆ ಹೆಣ್ಣುಮಕ್ಕಳ ದನಿ, ಮಕ್ಕಳ ದನಿ. ಅಕ್ಷರಗಳಲ್ಲಿ ಸ, ಶ, ಚ, ತ, ಕ ಇಂಥವು ಜಾರಿಹೋಗುತ್ತವೆ. ಗೇಟಿನ ಸದ್ದಿಗೆ ತಿರುಗಿ ನೋಡುವ ಮನುಷ್ಯ ಮೊಮ್ಮಗಳ ಪ್ರಶ್ನೆಗೆ ಸುಮ್ಮನಿರುತ್ತಾನೆ. ಮನೆಯವರು ಏನಂದುಕೊಳ್ಳುತ್ತಾರೆ? ‘ಬೇಕಂತಲೇ ಸುಮ್ಮನಿರ್ತಾರ.’ ಆರನೆಯ ಇಯತ್ತೆಯ ನಿಮ್ಮ ಮಗ ಹೀಗೇ ಅಂದನೆಂದು ಬರೆದಿದ್ದೀರಿ.

ನೀವು ಅರುಳುಮರುಳಿಗೆ ಉದಾಹರಣೆಯಾಗಿ ಕೊಟ್ಟ ಸಂಗತಿಯನ್ನೇ ಮತ್ತೊಮ್ಮೆ ನೋಡಿ. ಅಡುಗೆಮನೆಯಿಂದ ‘ಚಾ ತರ್ಲೇನ್ರಿ?’ ಅಂತ ಕೇಳುತ್ತೀರಿ. ಅವರು ‘ಬರ್ಲಿ, ಬರ್ಲಿ’ ಅನ್ನುತ್ತಾರೆ, ಬಾಗಿಲ ಕಡೆ ನೋಡುತ್ತಾರೆ. ತಂಗಿ, ಇದು ಅರುಳುಮರುಳಲ್ಲ. ‘ಚಾ’ ಅವರ ಕಿವಿಗೆ ಬೀಳಲೇ ಇಲ್ಲ. ‘ತರ್ಲೇನ್ರಿ’ಯಲ್ಲಿ ಮೊದಲ ಅಕ್ಷರ ಹೋಯಿತು, ಉಳಿದದ್ದನ್ನು ಅವರು ‘ಬರ್ಲೇನ್ರಿ’ ಅಂತ ತುಂಬಿಕೊಂಡರು. ಯಾರೋ ಬರಲೇನು ಅಂತ ಕೇಳುತ್ತಿದ್ದಾರೆ ಎಂದು ತಿಳಿದು, ಬರಲಿ ಅಂದರು. ಬುದ್ಧಿ ನೆಟ್ಟಗಿದೆ. ಬಾಗಿಲ ಕಡೆ ನೋಡಿದರಲ್ಲ, ಆ ನೋಟ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಇನ್ನು ಆ ಹುಡುಗ. ಅವನ ಮೇಲೆ ನೀವು ಎರಡು ದೂರು ಹೇಳಿದ್ದೀರಿ. ಬೇಸಿಗೆಯಲ್ಲೂ ಬಂದವನೇ ಫ್ಯಾನ್ ಬಂದ್ ಮಾಡುತ್ತಾನೆ. ಸ್ಟೂಲ್ ಎಳೆದುಕೊಂಡು ಹಿರಿಯರ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂಡುತ್ತಾನೆ, ಸಲಿಗೆ ಹೆಚ್ಚಾಯಿತು. ಕೊಪ್ಪಳದ ಬಿಸಿಲಲ್ಲಿ ಒಂದು ತಾಸು ಫ್ಯಾನಿಲ್ಲದೆ ಕೂಡುವುದು ಅವನಿಗೇನು ಸುಖವೇ? ಫ್ಯಾನಿನ ಸದ್ದು ನಿಂತರೆ ಅಜ್ಜನಿಗೆ ಮಾತು ಹತ್ತುತ್ತದೆ, ತುಟಿ ಕಂಡರೆ ಇನ್ನಷ್ಟು ಹತ್ತುತ್ತದೆ. ಯಾರಾದರೂ ಅವನಿಗೆ ಕಲಿಸಿದ್ದಾರೆ, ಇಲ್ಲವೇ ಅವನೇ ಕಂಡುಕೊಂಡಿದ್ದಾನೆ. ಗಂಡುದನಿ, ಎದುರಿಗೆ ಮುಖ, ನಿಧಾನದ ಮಾತು. ಮಾವನವರು ನಿಮ್ಮನ್ನು ಬಿಟ್ಟು ಹೊರಗಿನವನನ್ನು ಹಚ್ಚಿಕೊಂಡಿಲ್ಲ. ವಾರಕ್ಕೊಮ್ಮೆ ಒಬ್ಬರ ಮಾತು ಪೂರ್ತಿ ಕೇಳಿಸುತ್ತದೆ, ಅದಕ್ಕೆ ನಗುತ್ತಾರೆ.

‘ಯಾರೂ ನನ್ನ ಕೂಡ ಮಾತಾಡಂಗಿಲ್ಲ’ ಅಂದದ್ದು ನಿಮಗೆ ಚುಚ್ಚಿದೆ. ಚುಚ್ಚುವಂಥದ್ದೇ. ಮುಂಜಾನೆ ಐದಕ್ಕೆದ್ದು ರೊಟ್ಟಿ ಬಡಿದು, ಶಾಲೆಗೆ ಹೋಗಿ ಬಂದು, ಅವರ ಬಿಪಿ ಮಾತ್ರೆ ಎಣಿಸಿಡುವವರು ನೀವು. ಅವರು ಸುಳ್ಳು ಹೇಳಲಿಲ್ಲ, ನಿಮ್ಮನ್ನು ದೂರಲೂ ಇಲ್ಲ. ನೀವು ಆಡುವುದು ಒಲೆಯ ಕಡೆ ಮುಖ ಮಾಡಿ, ನೀರು ಬಿಡುತ್ತ, ಕುಕ್ಕರ್ ಸೀಟಿಯ ನಡುವೆ. ಆ ಮಾತು ಪಡಸಾಲೆಯ ಕುರ್ಚಿಗೆ ಬರುವ ಹೊತ್ತಿಗೆ ಬರೀ ಗುಂಯ್ ಎನ್ನುವ ಸದ್ದು. ಮಾತು ಅಂದರೆ ಎದುರಿಗೆ ಕುಂತು ಆಡುವುದು ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೂ ಅಷ್ಟೇ ಸಲ ಬರೆಯುತ್ತೇನೆ.

ನನ್ನ ತಾಯಿಯ ವಿಷಯದಲ್ಲಿ ನಾನೇ ಇದನ್ನು ತಡವಾಗಿ ತಿಳಿದುಕೊಂಡೆ. ಬಳ್ಳಾರಿಯ ನಮ್ಮ ಮನೆಯಲ್ಲಿ ಅವ್ವ ಎಲ್ಲದಕ್ಕೂ ‘ಹ್ಞೂಂ’ ಅನ್ನುತ್ತಿದ್ದಳು. ‘ಊಟ ಆತೇನವ್ವ?’ ‘ಹ್ಞೂಂ.’ ‘ಗುಳಿಗಿ ತಗೊಂಡ್ಯೇನವ್ವ?’ ‘ಹ್ಞೂಂ.’ ವಯಸ್ಸಾಯಿತು, ಮೆತ್ತಗಾಗಿದ್ದಾಳೆ ಅಂದುಕೊಂಡೆವು. ಒಂದು ದಿನ ಹಾಸಿಗೆ ಕೊಡವಿದಾಗ ದಿಂಬಿನ ಕೆಳಗೆ ಸಕ್ಕರೆ ಕಾಯಿಲೆಯ ಗುಳಿಗೆ ಪಟ್ಟಿ, ಹತ್ತಕ್ಕೆ ಹತ್ತೂ ಹಾಗೇ ಇದ್ದವು. ಪ್ರಶ್ನೆ ಏನೆಂದು ತಿಳಿಯದಿದ್ದರೆ ‘ಹ್ಞೂಂ’ ಅಂದರೆ ಮಕ್ಕಳು ಮತ್ತೆ ಚೀರುವುದಿಲ್ಲ ಎಂದು ಅವಳು ಕಂಡುಕೊಂಡಿದ್ದಳು. ಎರಡು ವರ್ಷ ನಾವು ಅವಳೊಂದಿಗೆ ಮಾತಾಡಿಯೇ ಇರಲಿಲ್ಲ, ಮಾತಾಡಿದ್ದೇವೆ ಅಂದುಕೊಂಡಿದ್ದೆವು. ಆ ಎರಡು ವರ್ಷದ ಲೆಕ್ಕ ನನಗೆ ಈಗಲೂ ಒಪ್ಪವಾಗಿಲ್ಲ.

ನಿಮ್ಮ ನಾದಿನಿಯ ಬಗ್ಗೆ ನನಗೆ ಸಿಟ್ಟು ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಹದಿನೈದು ದಿನಕ್ಕೊಮ್ಮೆ ವಿಡಿಯೋ ಕಾಲ್ ಮಾಡಿ ‘ಅಪ್ಪಾ, ಆರಾಮಿದ್ದೀಯೇನು’ ಅಂತ ಕೇಳಿ, ಅಪ್ಪ ಕೈಯೆತ್ತಿದರೆ ಫೋನ್ ಇಡುತ್ತಾರೆ ಎಂದು ನೀವೇ ಬರೆದಿದ್ದೀರಿ. ಕೈಯೆತ್ತುವುದು ಉತ್ತರವಲ್ಲ ಎಂದು ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಹೊಳೆಯಲಿಲ್ಲ. ಮೂರು ವರ್ಷದಲ್ಲಿ ಎರಡು ಸಲ ಬಂದವರು ಮಾನದ ಲೆಕ್ಕ ಕೇಳುತ್ತಾರೆ. ಅನಾಥ ಎಂಬ ಮಾತು ಬಹಳ ದೊಡ್ಡದು, ಮೂರು ಹೊತ್ತು ಬಿಸಿ ಅನ್ನ ಬಡಿಸುವ ಸೊಸೆಗೆ ಅದನ್ನು ಆಡಬಾರದಿತ್ತು. ಅರುಳುಮರುಳು ಎಂದು ಫೋನಿನಲ್ಲೇ ತೀರ್ಪು ಕೊಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು, ಯಾಕೆಂದರೆ ಮನೆಯವರು ಅದನ್ನು ನಂಬಿದರೆ ಕಿವಿ ತೋರಿಸುವ ಯೋಚನೆಯೇ ಬರುವುದಿಲ್ಲ. ತಡ ಮಾಡಿದರೆ ನಿಜವಾದ ಮರೆವು ಬರುವ ಅಪಾಯವಿದೆ. ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ತರಬಲ್ಲ, ಆದರೆ ನಾವು ತಡೆಯಲು ಪ್ರಯತ್ನಿಸಬಹುದಾದ 14 ಕಾರಣಗಳನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಅದರಲ್ಲಿ ಕಿವಿ ಮಂದವಾಗುವುದೂ ಇದೆ, ಜನರ ಒಡನಾಟ ತಪ್ಪಿಹೋಗುವುದೂ ಇದೆ. ನಿಮ್ಮ ಮಾವನವರಿಗೆ ಎರಡೂ ಇವೆ. ಆ ಹುಡುಗನನ್ನು ಬಿಡಿಸಿದರೆ ಎರಡನೆಯದು ಪೂರ್ತಿಯಾಗುತ್ತದೆ.

‘ಫಾರಿನ್ ಮಂದಿ ಪದ್ಧತಿ’ ಅಂದ ನಿಮ್ಮ ಯಜಮಾನರಿಗೂ ಒಂದು ಮಾತು. ಹೌದು, ಅಲ್ಲಿ ಇದು ಹಳೆಯದು. ಇಂಗ್ಲೆಂಡಿನಲ್ಲಿ 1965ರಲ್ಲೇ ಒಂದು ಸಂಸ್ಥೆ ಒಂಟಿ ಮುದುಕರನ್ನು ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಗೆ ಚಹಾಕ್ಕೆ ಕರೆದೊಯ್ಯಲು ಶುರು ಮಾಡಿತು, ಇಂದಿಗೂ ನಡೆಸುತ್ತಿದೆ. 2018ರಲ್ಲಿ ಅಲ್ಲಿನ ಸರ್ಕಾರ ಒಂಟಿತನದ ವಿಷಯಕ್ಕೇ ಒಬ್ಬ ಮಂತ್ರಿಗೆ ಜವಾಬ್ದಾರಿ ಕೊಟ್ಟಿತು. ನಮ್ಮಲ್ಲಿ ಇದಕ್ಕೆ ಸಂಘ ಬೇಕಿರಲಿಲ್ಲ, ಮನೆ ಮುಂದೆ ಕಟ್ಟೆ ಇತ್ತು. ನಿಮ್ಮ ಮಾವನವರಿಗೂ ಗಂಗಾವತಿಯಲ್ಲಿ ಇತ್ತು, ಸಂಜೆಯಾದರೆ ಮಿಲ್ಲಿನವರು ನಾಲ್ಕು ಮಂದಿ ಬಂದು ಕೂಡುತ್ತಿದ್ದರು ಎಂದು ಪತ್ರದಲ್ಲಿದೆ. ಅವರೆಲ್ಲ ಕೂಗಿ ಮಾತಾಡಿ ರೂಢಿಯಾದವರು, ಅಲ್ಲಿ ಕಿವಿಯ ಕೊರತೆ ಯಾರಿಗೂ ಗೊತ್ತಾಗಲಿಲ್ಲ. ಕೊಪ್ಪಳದ ಮನೆಗೆ ಗೇಟಿದೆ, ಕಟ್ಟೆಯಿಲ್ಲ. ಕಟ್ಟೆಗೆ ಬರಬೇಕಾದವರ ಬದಲಿಗೆ ಆ ಹುಡುಗ ಬರುತ್ತಿದ್ದಾನೆ.

ಸಂಘದ ಬಗ್ಗೆ ಒಂದೇ ಎಚ್ಚರಿಕೆ ಸಾಕು. ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಬರಬೇಕು. ಹಣ, ಉಡುಗೊರೆ ಮುಟ್ಟಬಾರದು. ಪಾಸ್‌ಬುಕ್ಕು, ಆಸ್ತಿ ಕಾಗದದ ಸುದ್ದಿಗೆ ಹೋಗಬಾರದು. ಮಾಸ್ತರರನ್ನು ಒಮ್ಮೆ ಮನೆಗೆ ಕರೆದು ಇದನ್ನು ಕೇಳಿಕೊಳ್ಳಿ. ಆರು ತಿಂಗಳು ತಪ್ಪದೆ ಬಂದ ಹುಡುಗ ಒಂದು ಲೋಟ ಚಹಾ ಬಿಟ್ಟು ಬೇರೇನೂ ತೆಗೆದುಕೊಂಡಿಲ್ಲ ಎಂದು ನೀವೇ ಬರೆದಿರುವುದರಿಂದ ನನಗೆ ಅನುಮಾನವಿಲ್ಲ.

ಈಗ ಮಾಡಬೇಕಾದ ಕೆಲಸ. ಒಂದೇ ಒಂದು, ಈ ವಾರದೊಳಗೆ: ಮಾವನವರ ಕಿವಿ ತೋರಿಸಿ. ಕರೆದುಕೊಂಡು ಹೋಗಬೇಕಾದವರು ನೀವಲ್ಲ, ನಿಮ್ಮ ಗಂಡ. ಶಿಫ್ಟ್ ಬದಲಿಸಿಕೊಳ್ಳಲಿ. ಕೊಪ್ಪಳದಲ್ಲೇ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಕಿವಿ-ಮೂಗು-ಗಂಟಲಿನ ಡಾಕ್ಟರು ಇದ್ದಾರೆ. ಮೊದಲು ಗುಗ್ಗೆ ತುಂಬಿದೆಯೇ ನೋಡುತ್ತಾರೆ. ಕೆಲವು ಮುದುಕರಿಗೆ ಗುಗ್ಗೆ ತೆಗೆದರೇ ಅರ್ಧ ಲೋಕ ತಿರುಗಿ ಬರುತ್ತದೆ. ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, ಬೀಪ್ ಕೇಳಿದಾಗಲೆಲ್ಲ ಕೈಯೆತ್ತಿಸಿ ಪರೀಕ್ಷೆ ಮಾಡುತ್ತಾರೆ. ನೋವಿಲ್ಲ. ಕಿವಿ ಮಷಿನ್ ಬೇಕು ಅಂದರೆ ಆ ಪರೀಕ್ಷೆಯ ಚೀಟಿ ಇಟ್ಟುಕೊಂಡೇ ಕೊಳ್ಳಿ, ಫೋನಿನಲ್ಲಿ ಜಾಹೀರಾತು ನೋಡಿ ತರಿಸಬೇಡಿ. (ಬಿಪಿಎಲ್ ಕಾರ್ಡಿರುವ ಓದುಗರು ಗಮನಿಸಿ: 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಹಿರಿಯರಿಗೆ ಕಿವಿ ಮಷಿನ್ ಉಚಿತವಾಗಿ ಸಿಗುತ್ತದೆ. ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ವಿಚಾರಿಸಿ.) ಮಷಿನ್ ಹಾಕಿದ ಮೊದಲ ದಿನಗಳಲ್ಲಿ ಪಾತ್ರೆಯ ಸದ್ದು, ಬೈಕಿನ ಸದ್ದು ಎಲ್ಲ ಒಮ್ಮೆಗೇ ನುಗ್ಗಿ ಅವರಿಗೆ ಕಿರಿಕಿರಿಯಾಗುತ್ತದೆ, ‘ತಗೀರಿ ಇದನ್ನ’ ಅನ್ನುತ್ತಾರೆ. ಡಬ್ಬಿಯಲ್ಲಿಟ್ಟು ಕಪಾಟು ಸೇರಿಸಬೇಡಿ. ದಿನಕ್ಕೆ ಒಂದು ತಾಸು, ಎರಡು ತಾಸು ಹೀಗೆ ವಾರಗಟ್ಟಲೆ ರೂಢಿ ಮಾಡಿಸಬೇಕು.

ಅಲ್ಲಿಯವರೆಗೆ ರಿಮೋಟ್ ಇವತ್ತೇ ಅವರ ಕೈಗೆ ಕೊಡಿ. ಮಗಳ ಓದಿಗೆ ಬೇರೆ ಕೋಣೆಯಿದೆ, ಬಾಗಿಲು ಹಾಕಿಕೊಳ್ಳಲಿ. ಟಿವಿಯಲ್ಲಿ ಅಕ್ಷರ ಓಡುವ ವಾರ್ತೆ ಹಾಕಿಕೊಟ್ಟರೆ ಅವರೇ ಸೌಂಡ್ ಇಳಿಸಿದರೂ ಇಳಿಸಬಹುದು. ಚಹಾ ಕೇಳುವಾಗ ಪಡಸಾಲೆಗೆ ಬನ್ನಿ, ಅವರ ಮುಖದ ಮುಂದೆ ನಿಂತು, ದನಿ ಏರಿಸದೆ, ನಿಧಾನವಾಗಿ ಕೇಳಿ.

ಆಸ್ಪತ್ರೆಗೆ ಬೆಳಿಗ್ಗೆಯೇ ಹೋದರೆ ಒಪಿಡಿ ಚೀಟಿ ಬೇಗ ಸಿಗುತ್ತದೆ, ಆಧಾರ್ ಕಾರ್ಡ್ ಜೊತೆಗಿರಲಿ. ಗುರುವಾರ ಮಾತ್ರ ಸಂಜೆ ಐದರೊಳಗೆ ಮನೆಗೆ ಬಂದಿರಿ, ಹುಡುಗ ಬರುತ್ತಾನೆ. ನಾದಿನಿಯ ಫೋನ್ ಬಂದರೆ ಹೀಗೆ ಹೇಳಿ: ‘ಅಪ್ಪಗ ಫೋನಿನ್ಯಾಗ ಕೇಳಂಗಿಲ್ರಿ. ಬಸ್ ಹತ್ತಿ ಬರ್ರಿ, ಎದುರಿಗೆ ಕುಂತು ಮಾತಾಡ್ರಿ.’