ಅಡುಗೆಯಲ್ಲಿ ಉಪ್ಪು ಅರ್ಧ ಮಾಡಿದ್ದೇನೆ, ಆದರೂ ಮೂತ್ರ ಪರೀಕ್ಷೆಯಲ್ಲಿ ಸೋಡಿಯಂ ಜಾಸ್ತಿ. ಎಲ್ಲಿಂದ ಬರುತ್ತಿದೆ?

ಮೂರು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ನಾನು ಡಾಕ್ಟರ ಮುಂದೆ ಕೂತು, ಸ್ವಲ್ಪ ಸಿಟ್ಟಿನಲ್ಲೇ ಕೇಳಿದ್ದೆ. ನಾನು ವೈದ್ಯನಲ್ಲ. ಬಿ.ಪಿ. ಇರುವವನು, ಅಷ್ಟೇ.

ನೀವು ಬರೆದಿರುವುದು ಇಷ್ಟು: ಅಡುಗೆಗೆ ಉಪ್ಪು ಅರ್ಧ, ಮೇಲುಪ್ಪು ಪೂರ್ತಿ ಬಂದ್. ರಕ್ತದಲ್ಲಿ ಸೋಡಿಯಂ 140, ನಾರ್ಮಲ್. ಆದರೆ 24 ಗಂಟೆಯ ಮೂತ್ರ ಪರೀಕ್ಷೆಯಲ್ಲಿ 180 ಬಂದಿದೆ. ಲ್ಯಾಬಿನವರು ತಪ್ಪು ಮಾಡಿರಬಹುದಾ ಎಂದು ಕೇಳಿದ್ದೀರಿ. ಇರಬಹುದು, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಆ 180 ಅಂದರೆ ಎಷ್ಟು ಅಂತ ನೋಡೋಣ.

ಅದು ಮಿಲಿಮೋಲ್ ಲೆಕ್ಕ. ಒಂದು ಮಿಲಿಮೋಲ್ ಸೋಡಿಯಂ ಎಂದರೆ 23 ಮಿಲಿಗ್ರಾಂ. ಹಾಗಾಗಿ ನಿಮ್ಮದು 4140 ಮಿಲಿಗ್ರಾಂ. ಉಪ್ಪಿನ ತೂಕದಲ್ಲಿ ನೂರಕ್ಕೆ ಸುಮಾರು 40 ಭಾಗ ಮಾತ್ರ ಸೋಡಿಯಂ, ಆದ್ದರಿಂದ ಎರಡೂವರೆಯಿಂದ ಗುಣಿಸಿ. ಹತ್ತು ಗ್ರಾಂ ದಾಟುತ್ತದೆ. ತಿಂದ ಸೋಡಿಯಂ ಬಹುಪಾಲು ಮೂತ್ರದಲ್ಲೇ ಹೊರಗೆ ಹೋಗುತ್ತದೆ, ಸ್ವಲ್ಪ ಬೆವರಿನಲ್ಲೂ ಹೋಗುತ್ತದೆ, ಹಾಗಾಗಿ ನಿಜವಾಗಿ ತಿಂದಿರುವುದು ಇದಕ್ಕಿಂತ ತುಸು ಹೆಚ್ಚೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂಗಿಂತ ಕಡಿಮೆ, ಅಂದರೆ 5 ಗ್ರಾಂ ಉಪ್ಪಿನ ಒಳಗೆ. ಗಾಬರಿ ಬೇಡ. ಅದೇ ಸಂಸ್ಥೆಯ ಅಂದಾಜಿನಂತೆ ಪ್ರಪಂಚದ ಸರಾಸರಿ 4310 ಮಿಲಿಗ್ರಾಂ. ನೀವು ಎಲ್ಲರ ಹಾಗೇ ಇದ್ದೀರಿ.

ರಕ್ತದ 140 ನೋಡಿ ಸಮಾಧಾನ ಪಡಬೇಡಿ. ಅದು ನೀವು ಎಷ್ಟು ಉಪ್ಪು ತಿಂದಿರಿ ಎಂದು ಹೇಳುವುದೇ ಇಲ್ಲ. ಉಪ್ಪು ಜಾಸ್ತಿಯಾದರೆ ಬಾಯಾರಿಕೆಯಾಗುತ್ತದೆ, ನೀರು ಕುಡಿಯುತ್ತೀರಿ, ಕಿಡ್ನಿ ಆ ನೀರನ್ನು ಹಿಡಿದಿಡುತ್ತದೆ. ರಕ್ತದಲ್ಲಿನ ಪ್ರಮಾಣ 135ರಿಂದ 145ರ ನಡುವೆಯೇ ನಿಲ್ಲುತ್ತದೆ, ಆದರೆ ಒಟ್ಟು ನೀರು ಹೆಚ್ಚಿ ಒತ್ತಡ ಏರುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಇದ್ದದ್ದು ಬೇರೆ ಅರ್ಥಕ್ಕೆ. ಇಲ್ಲಿ ಮಾತ್ರ ಅಕ್ಷರಕ್ಕೆ ಅಕ್ಷರ ಸರಿ.

ಈಗ ನಿಮ್ಮ ಪ್ರಶ್ನೆ. ಎಲ್ಲಿಂದ ಬರುತ್ತಿದೆ?

ನಾಲಿಗೆಯನ್ನು ನಂಬಿದ್ದೇ ನಾನು ಮಾಡಿದ ತಪ್ಪು. ಆಲೂಗಡ್ಡೆ ಚಿಪ್ಸ್ ತಿಂದರೆ ಉಪ್ಪು ಎಂದು ತಕ್ಷಣ ಗೊತ್ತಾಗುತ್ತದೆ, ಬ್ರೆಡ್ ತಿಂದರೆ ಗೊತ್ತಾಗುವುದಿಲ್ಲ. ಆದರೆ 100 ಗ್ರಾಂ ತೂಕಕ್ಕೆ ಹೋಲಿಸಿದರೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಸುಮಾರು 500 ಮಿಲಿಗ್ರಾಂ ಸೋಡಿಯಂ. ಚಿಪ್ಸ್‌ನಲ್ಲಿ ಉಪ್ಪು ಮೇಲೆ ಉದುರಿಸಿರುತ್ತಾರೆ, ನಾಲಿಗೆಗೆ ನೇರ ತಾಗುತ್ತದೆ. ಬ್ರೆಡ್‌ನಲ್ಲಿ ಅದು ಹಿಟ್ಟಿನೊಳಗೆ ಹುದುಗಿಕೊಂಡಿರುತ್ತದೆ. ಎಂಜಲಿನಲ್ಲಿ ಕರಗಿದ ಉಪ್ಪಷ್ಟೇ ರುಚಿಗೆ ಸಿಗುವುದು, ಉಳಿದದ್ದು ಸುಮ್ನೆ ಒಳಗೆ ಹೋಗುತ್ತದೆ. ಬೇಕರಿಯವರು ರುಚಿಗೆ ಮಾತ್ರ ಉಪ್ಪು ಹಾಕುವುದೂ ಅಲ್ಲ. ಅದು ಹಿಟ್ಟಿಗೆ ಬಿಗಿ ಕೊಡುತ್ತದೆ, ಯೀಸ್ಟ್ ಅತಿಯಾಗಿ ಉಬ್ಬದಂತೆ ತಡೆಯುತ್ತದೆ. ಚೀಸ್‌ನಲ್ಲಿ ನೀರಿನಂಶ ಎಳೆದು ಕೆಡದಂತೆ ಕಾಯುತ್ತದೆ.

ಸಿಹಿ ಇನ್ನೂ ದೊಡ್ಡ ಪರದೆ. ಕಾರ್ನ್ ಫ್ಲೇಕ್ಸ್ ಸಿಹಿ ತಿಂಡಿ ಅಂದುಕೊಂಡಿದ್ದೆ. ಅನೇಕ ಬ್ರ್ಯಾಂಡ್‌ಗಳಲ್ಲಿ ತೂಕಕ್ಕೆ ತೂಕ ನೋಡಿದರೆ ಚಿಪ್ಸ್‌ಗಿಂತ ಹೆಚ್ಚು ಸೋಡಿಯಂ ಇರುತ್ತದೆ. ಕೇಕ್, ಬಿಸ್ಕತ್ತಿನಲ್ಲಿ ಉಪ್ಪಿನ ಜೊತೆ ಅಡುಗೆ ಸೋಡಾ ಕೂಡ ಇದೆ. ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1260 ಮಿಲಿಗ್ರಾಂ ಸೋಡಿಯಂ. ಉಪ್ಪಿನ ರುಚಿ ಮಾತ್ರ ಇಲ್ಲ.

ನಾನು ಹತ್ತು ದಿನ ನೋಟ್‌ಬುಕ್ಕಿನಲ್ಲಿ ಬಾಯಿಗೆ ಹೋದದ್ದೆಲ್ಲ ಬರೆದೆ. ಮೂರು ಕಳ್ಳರು ಸಿಕ್ಕರು. ಬ್ರೆಡ್, ದಿನಕ್ಕೆ ಆರು ತುಂಡು, ತುಂಡಿಗೆ 150ರ ಹಾಗೆ 900. ಸೋಯಾ ಸಾಸ್, ದೊಡ್ಡ ಚಮಚಕ್ಕೆ 900 ಇರುತ್ತದೆ, ನನ್ನ ಪಾಲು ಅರ್ಧ ಚಮಚವಾದರೂ 450.

ಮೂರನೆಯದು ಊಟವೇ ಅಲ್ಲ. ಆಗ ನನಗೆ ಬೆನ್ನು ನೋವು. ನೀರಿಗೆ ಹಾಕಿದರೆ ಬುಸ್ ಎಂದು ನೊರೆ ಬರುವ ಪ್ಯಾರಸಿಟಮಾಲ್ ಮಾತ್ರೆ, ದಿನಕ್ಕೆ ಮೂರು ತೆಗೆದುಕೊಳ್ಳುತ್ತಿದ್ದೆ. ಆ ನೊರೆ ಬರುವುದೇ ಸೋಡಾ ಮತ್ತು ಆಮ್ಲ ಸೇರಿದಾಗ. ಒಂದು ಮಾತ್ರೆಯಲ್ಲಿ ಸುಮಾರು 400 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಮೂರಕ್ಕೆ 1200! ಅಂದರೆ ಒಲೆ ಹಚ್ಚುವ ಮೊದಲೇ, ಈ ಮೂರರಿಂದಲೇ 2550 ಆಗಿತ್ತು. ಅಡುಗೆಯ ಉಪ್ಪಿನ ಮೇಲೆ ನಾನು ಮಾಡಿದ ಯುದ್ಧವೆಲ್ಲ ದಂಡ. ಅದೇ ಔಷಧಿಯ ಸಾಮಾನ್ಯ ಮಾತ್ರೆಯಲ್ಲಿ ಸೋಡಿಯಂ ಇಲ್ಲವೆಂದರೂ ನಡೆದೀತು. ಡಾಕ್ಟರನ್ನು ಕೇಳಿ ಬದಲಾಯಿಸಿಕೊಂಡೆ. ಹೊಟ್ಟೆ ಉರಿಗೆ ಕುಡಿಯುವ ನೊರೆ ಪುಡಿಗಳಿಗೂ ಇದೇ ಮಾತು. ನೀವು ಪಟ್ಟಿ ಬರೆಯುವಾಗ ಔಷಧಿಯನ್ನೂ ಬರೆಯಿರಿ. ನನ್ನನ್ನು ಅದರ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಹೇಳಿರಲಿಲ್ಲ.

ಪ್ಯಾಕೆಟ್ ಓದುವಾಗ ಎರಡು ಕಡೆ ಎಚ್ಚರ ಬೇಕು. ಬರೆದಿರುವುದು ಸೋಡಿಯಮ್ಮೋ ಉಪ್ಪೋ ನೋಡಿ, ಎರಡೂವರೆ ಪಟ್ಟು ವ್ಯತ್ಯಾಸ. ಆಮೇಲೆ ಅದು 100 ಗ್ರಾಂಗೋ, ಒಂದು ಸಲ ತಿನ್ನುವ ಪಾಲಿಗೋ ನೋಡಿ. ನೂಡಲ್ಸ್ ಪೊಟ್ಟಣದ ಮೇಲೆ ಎರಡು ಪಾಲು ಎಂದಿರುತ್ತದೆ, ತಿನ್ನುವವರು ಒಬ್ಬರೇ, ಅಲ್ವಾ? ಬ್ರಿಟನ್ನಿನ ಲೇಬಲ್ಲುಗಳಲ್ಲಿ 100 ಗ್ರಾಂಗೆ 600 ಮಿಲಿಗ್ರಾಂ ಸೋಡಿಯಂ ದಾಟಿದರೆ ಕೆಂಪು ಬಣ್ಣ ಕೊಡುತ್ತಾರೆ. ನಾನು ಅಂಗಡಿಯಲ್ಲಿ ಅದನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ. ‘ಸೋಡಿಯಂ ಕಡಿಮೆ ಮಾಡಿದ್ದು’ ಎಂಬ ಬರಹಕ್ಕೆ ಮರುಳಾಗಬೇಡಿ. ಹಳೆಯದಕ್ಕಿಂತ ಕಡಿಮೆ ಅಂತ ಅಷ್ಟೇ, ಆ ಹಳೆಯದರಲ್ಲಿ ಎಷ್ಟಿತ್ತೋ! ಅಜಿನೊಮೊಟೊ ಬಗ್ಗೆ ಒಂದು ಮಾತು: ಅದಕ್ಕೆ ಸುಮ್ನೆ ಕೆಟ್ಟ ಹೆಸರು. ಅದರಲ್ಲಿ ಸೋಡಿಯಂ ನೂರಕ್ಕೆ 12 ಭಾಗ, ಉಪ್ಪಿನ ಮೂರನೇ ಒಂದರಷ್ಟು. ತೊಂದರೆ ಏನೆಂದರೆ, ಪ್ಯಾಕೆಟ್ಟಿನಲ್ಲಿ ಅದು ಒಂಟಿಯಾಗಿ ಬರುವುದಿಲ್ಲ, ಉಪ್ಪನ್ನೂ ಕರೆದುಕೊಂಡೇ ಬರುತ್ತದೆ.

ಏನು ಮಾಡಬೇಕು? ಎಲ್ಲವನ್ನೂ ಒಟ್ಟಿಗೆ ಬಿಡಲು ಹೋಗಬೇಡಿ. ನಿಮ್ಮ ಪಟ್ಟಿಯಲ್ಲಿ ಮೊದಲ ಮೂರು ಯಾವುವು ಎಂದು ಹುಡುಕಿ, ಅವುಗಳ ಮೇಲೆ ಮಾತ್ರ ಕೈ ಹಾಕಿ. ಡಬ್ಬಿಯ ಕಾಳು ತಿನ್ನುವವರಾದರೆ ಆ ನೀರು ಚೆಲ್ಲಿ ಚೆನ್ನಾಗಿ ತೊಳೆಯಿರಿ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸೋಡಿಯಂ ಹೋಗುತ್ತದೆ. ನೂಡಲ್ಸ್‌ನ ಮಸಾಲೆ ಪುಡಿ ಅರ್ಧ ಹಾಕಿ. ಇನ್ನು ನಿಮಗೆ ವಿಚಿತ್ರ ಎನಿಸಬಹುದು, ನಾನು ಮೇಲುಪ್ಪನ್ನು ವಾಪಸ್ ತಂದೆ. ಬೇಯಿಸುವಾಗ ತೀರಾ ಕಡಿಮೆ ಹಾಕಿ, ತಟ್ಟೆಗೆ ಬಂದಮೇಲೆ ಒಂದು ಚಿಟಿಕೆ ಉದುರಿಸುತ್ತೇನೆ. ಚಿಪ್ಸ್ ಮಾಡುವ ಮೋಸವನ್ನೇ ನನ್ನ ಲಾಭಕ್ಕೆ ಬಳಸಿಕೊಂಡೆ ಅನ್ನಿ. ಚಿಟಿಕೆ ಅಂದರೆ ಚಿಟಿಕೆಯೇ, ಡಬ್ಬಿಯಿಂದ ಸುರಿಯುವ ಹಾಗಿಲ್ಲ.

ಮೊದಲ ಮೂರು ವಾರ ಎಲ್ಲವೂ ಸಪ್ಪೆ. ಎರಡು ತಿಂಗಳ ಹೊತ್ತಿಗೆ ನಾಲಿಗೆ ಹೊಂದಿಕೊಂಡಿತು. ನಿಧಾನವಾಗಿ ಇಳಿಸಿದರೆ ಗೊತ್ತೇ ಆಗುವುದಿಲ್ಲ: ಬ್ರಿಟನ್ನಿನಲ್ಲಿ 2001ರಿಂದ 2011ರ ನಡುವೆ ಬ್ರೆಡ್ಡಿನ ಉಪ್ಪನ್ನು ಸರಾಸರಿ ಐದನೇ ಒಂದು ಭಾಗ ಇಳಿಸಿದರು.

ಗುಲಾಬಿ ಉಪ್ಪು, ಕಲ್ಲುಪ್ಪು, ಸಮುದ್ರದ ಉಪ್ಪು ಎಲ್ಲದರಲ್ಲೂ ಸೋಡಿಯಂ ಹೆಚ್ಚುಕಡಿಮೆ ಒಂದೇ. ಅದಕ್ಕೆ ದುಡ್ಡು ಸುರಿಯಬೇಡಿ. ಹಾಕುವ ಸ್ವಲ್ಪ ಉಪ್ಪು ಅಯೋಡಿನ್ ಇರುವುದೇ ಆಗಿರಲಿ.

ಪೊಟ್ಯಾಸಿಯಂ ಬೆರೆಸಿದ ಉಪ್ಪಿನ ವಿಷಯ ಬೇರೆ. ಚೀನಾದ 600 ಹಳ್ಳಿಗಳಲ್ಲಿ, ಮೊದಲೇ ಪಾರ್ಶ್ವವಾಯು ಆಗಿದ್ದವರು ಮತ್ತು ಬಿ.ಪಿ. ಇದ್ದ ವಯಸ್ಸಾದವರು ಸೇರಿ ಸುಮಾರು 21,000 ಜನರನ್ನು ಐದು ವರ್ಷದ ಹತ್ತಿರ ಗಮನಿಸಿದರು. ನಾಲ್ಕನೇ ಒಂದು ಭಾಗ ಪೊಟ್ಯಾಸಿಯಂ ಉಪ್ಪು ಬೆರೆಸಿದ್ದನ್ನು ತಿಂದವರಲ್ಲಿ ಪಾರ್ಶ್ವವಾಯು 14 ಶೇಕಡಾ ಕಡಿಮೆ. ಫಲಿತಾಂಶ ಬಂದದ್ದು 2021ರಲ್ಲಿ. ಆದರೆ ಕಿಡ್ನಿ ತೊಂದರೆ ಇದ್ದರೆ, ಅಥವಾ ಪೊಟ್ಯಾಸಿಯಂ ಏರಿಸುವಂಥ ಬಿ.ಪಿ. ಮಾತ್ರೆ ನುಂಗುತ್ತಿದ್ದರೆ, ಇದು ಹೃದಯದ ಬಡಿತಕ್ಕೇ ಅಪಾಯ. ಟೆಲ್ಮಿಸಾರ್ಟನ್, ಎನಲಾಪ್ರಿಲ್, ಸ್ಪೈರನೊಲ್ಯಾಕ್ಟೋನ್ ಆ ಗುಂಪಿನವು. ನಿಮ್ಮ ಮಾತ್ರೆ ಯಾವುದು ಎಂದು ನೀವು ಬರೆದಿಲ್ಲ, ಆದ್ದರಿಂದ ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಬೇಡಿ. ಉಪ್ಪು ಇಳಿದಾಗ ಎದ್ದು ನಿಂತರೆ ತಲೆ ಸುತ್ತು ಬಂತೋ, ಅದನ್ನೂ ಹೇಳಿ. ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು.

ಇನ್ನು ಲ್ಯಾಬಿನ ತಪ್ಪಿನ ಮಾತು. ಎರಡು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಿ. ಶುರು ಮಾಡುವ ದಿನ ಬೆಳಗ್ಗೆ ಎದ್ದಾಗಿನ ಮೊದಲ ಮೂತ್ರವನ್ನು ಡಬ್ಬಕ್ಕೆ ಹಾಕಬಾರದು. ಗಂಟೆ ಬರೆದುಕೊಂಡು, ಆಮೇಲಿನದೆಲ್ಲ ಸೇರಿಸಿ, ಮರುದಿನ ಅದೇ ಹೊತ್ತಿನದನ್ನು ಸೇರಿಸಿ ಮುಗಿಸಬೇಕು. ನಾನು ಮೊದಲ ಸಲ ಎರಡೂ ಬೆಳಗಿನದನ್ನು ಹಾಕಿದ್ದೆ. ನೀವು ಹೇಗೆ ಮಾಡಿದಿರಿ?