ನೋವನ್ನು ಬಚ್ಚಿಟ್ಟುಕೊಂಡಿದ್ದ ಅಮ್ಮ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದೆ.)

ಆಕೆಗೆ 48 ವರ್ಷ. ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಎಲ್ಲ ಮುಗಿಸಿ ಆರು ವರ್ಷ ಚೆನ್ನಾಗಿದ್ದರು. ಆಮೇಲೆ ಬೆನ್ನುನೋವು ಶುರುವಾಯಿತು. ಸ್ಕ್ಯಾನ್ ಮಾಡಿಸಿದಾಗ ಕಾಯಿಲೆ ಬೆನ್ನುಮೂಳೆಗೆ ಹರಡಿತ್ತು. ನಾಲ್ಕನೇ ಹಂತ. ಆಗ ಗಂಡ-ಹೆಂಡತಿ ಇಬ್ಬರೂ ಸಲಹೆಗೆಂದು ನನ್ನ ಬಳಿ ಬಂದಿದ್ದರು.

"ಮನಸ್ಸು ಗಟ್ಟಿ ಮಾಡ್ಕೋ ಅಂತ ನೀವಾದರೂ ಹೇಳಿ ಮೇಡಂ. ಧೈರ್ಯ ಇದ್ದರೆ ಕಾಯಿಲೆ ಓಡಿಹೋಗುತ್ತೆ, ಅಲ್ವಾ?" ಅಂದರು ಗಂಡ. ಆಕೆ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಆಗಾಗ ಎರಡೂ ಕೈಗಳನ್ನು ಸೀಟಿನ ಮೇಲೆ ಊರಿ ಸೊಂಟವನ್ನು ಸ್ವಲ್ಪ ಮೇಲೆತ್ತುತ್ತಿದ್ದರು. ನೋವಾ ಅಂತ ಕೇಳಿದರೆ, "ಇಲ್ಲ, ಸುಮ್ನೆ" ಅಂದರು.

ಗಂಡ ಸ್ವಲ್ಪ ಹೊತ್ತು ಹೊರಗೆ ಕೂತ ಮೇಲೆ ಮಾತು ಹೊರಬಂತು. ರಾತ್ರಿ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. "ನೋವು ಅಂದ್ರೆ ಮನೆಯಲ್ಲಿ ಹೆದರ್ತಾರೆ. ಡಾಕ್ಟರಿಗೆ ಹೇಳಿದರೆ, ಇನ್ನು ಔಷಧಿ ಬೇಡ ಅಂದುಬಿಟ್ಟರೆ? ಅತ್ತರೆ ಕಾಯಿಲೆ ಜಾಸ್ತಿ ಆಗುತ್ತಂತಲ್ಲ?"

ಅತ್ತರೆ ಕ್ಯಾನ್ಸರ್ ಬೆಳೆಯುವುದಿಲ್ಲ. ಧೈರ್ಯ ಸಾಲದೆ ಅದು ವಾಪಸ್ ಬಂದದ್ದೂ ಅಲ್ಲ. ಗಂಡನನ್ನು ಒಳಗೆ ಕರೆದು ಇದನ್ನೇ ಮತ್ತೆ ಹೇಳಿದೆ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿರಲಿಲ್ಲ. ಆದರೆ ಅವರ ಧೈರ್ಯದ ಮಾತೇ ಆಕೆಯ ಬಾಯಿ ಕಟ್ಟಿಹಾಕಿತ್ತು.

ಮೊದಲ ಸಲಹೆ ನೋವಿನ ಬಗ್ಗೆ. ಯಾವಾಗ, ಎಲ್ಲಿ, ಎಷ್ಟು ನೋಯುತ್ತದೆ ಅಂತ ಬರೆದು ಡಾಕ್ಟರಿಗೆ ತೋರಿಸಿ ಅಂದೆ. ಮೂಳೆ ನೋವಿಗೆ ರೇಡಿಯೇಷನ್ ಇದೆ, ಎಷ್ಟೋ ಸಲ ಒಂದೇ ಡೋಸ್ ಸಾಕಾಗುತ್ತದೆ. ಮೂಳೆ ಗಟ್ಟಿಯಾಗಿಡುವ ಇಂಜೆಕ್ಷನ್ ಇದೆ. ಪ್ಯಾಲಿಯೇಟಿವ್ ಕೇರ್, ಅಂದರೆ ನೋವು-ಸಂಕಟ ತಗ್ಗಿಸುವ ಆರೈಕೆ, ಅಂದಾಗ ಇಬ್ಬರ ಮುಖವೂ ಬಾಡಿತು. ಅದು ಕೊನೆಗಾಲಕ್ಕೆ ಮಾತ್ರ ಅಲ್ಲ, ಚಿಕಿತ್ಸೆಯ ಜೊತೆಜೊತೆಗೇ ನಡೆಯುತ್ತದೆ ಅಂತ ಬಿಡಿಸಿ ಹೇಳಬೇಕಾಯಿತು. ಒಂದು ಎಚ್ಚರಿಕೆಯನ್ನೂ ಕೊಟ್ಟೆ: ಕಾಲಿನ ಶಕ್ತಿ ಕುಂದಿದರೆ, ಜೋಮು ಹಿಡಿದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

"ಹಾಗಾದರೆ ವಾಸಿಯಾಗುತ್ತೆ ಅಂತ ಆಸೆ ಇಟ್ಕೋಬಾರದಾ?" ಗಂಡ ಕೇಳಿದರು. ನಾನು ಮಾತು ತೇಲಿಸಲಿಲ್ಲ. ಈ ಹಂತದಲ್ಲಿ ಪೂರ್ತಿ ವಾಸಿಯಾಗುವುದು ತೀರಾ ಅಪರೂಪ. ಆದರೆ ಕಾಯಿಲೆಯನ್ನು ಹಿಡಿತದಲ್ಲಿಟ್ಟು ವರ್ಷಗಟ್ಟಲೆ ಬದುಕುವವರಿದ್ದಾರೆ. ಆಕೆಯದು ಹಾರ್ಮೋನಿಗೆ ಸ್ಪಂದಿಸುವ ಬಗೆ. ಹಾರ್ಮೋನಿನ ಪ್ರಭಾವ ತಡೆಯುವ ಮಾತ್ರೆಯ ಜೊತೆ ಪಾಲ್ಬೋಸಿಕ್ಲಿಬ್ ಅನ್ನುವ ಔಷಧಿ ಕೊಡುತ್ತಿದ್ದರು. 2015ರಲ್ಲಿ ಬಳಕೆಗೆ ಬಂದ ಈ ಔಷಧಿ ಜೊತೆಗಿದ್ದರೆ, ಬರೀ ಆ ಮಾತ್ರೆಗಿಂತ ಹೆಚ್ಚು ಕಾಲ ಕಾಯಿಲೆ ಹತೋಟಿಯಲ್ಲಿರುತ್ತದೆ. ಇದು ಕೈಕೊಟ್ಟರೆ ಬೇರೆ ಔಷಧಿಗಳಿವೆ. ಆಸೆ ಇಡಲು ಇಷ್ಟು ಗಟ್ಟಿ ನೆಲ ಇದೆ ಅಂದೆ.

ಆಕೆಯ ಕನ್ನಡಕದ ಪವರ್ ಬದಲಾಗಿ ಎಷ್ಟೋ ಕಾಲವಾಗಿತ್ತು. ಓದುವುದೆಂದರೆ ಜೀವ, ಆದರೂ ಹೊಸದು ಮಾಡಿಸಿರಲಿಲ್ಲ. "ಎಷ್ಟು ದಿನ ಹಾಕ್ಕೋತೀನೋ, ಯಾಕೆ ಖರ್ಚು?" ಈ ವಾರವೇ ಮಾಡಿಸಿಕೊಳ್ಳಿ ಅಂದೆ. ಮುಂದಿನ ಸ್ಕ್ಯಾನ್‌ವರೆಗಿನ ದಿನಗಳಿಗೆ ಒಂದೆರಡು ಕೆಲಸ ಇಟ್ಟುಕೊಳ್ಳಿ, ಅದಕ್ಕಿಂತ ದೂರದ್ದನ್ನು ಆಮೇಲೆ ನೋಡೋಣ ಅಂತಲೂ ಹೇಳಿದೆ.

16 ವರ್ಷದ ಮಗಳಿಗೆ ಏನೂ ಹೇಳಿರಲಿಲ್ಲ. ಮಕ್ಕಳಿಗೆ ಗೊತ್ತಾಗದೆ ಇರುತ್ತಾ? ಅವಳಿಗೆ ಏನು ಗೊತ್ತಿದೆ ಅಂತ ಮೊದಲು ಕೇಳಿ, ಆಮೇಲೆ ನೇರವಾಗಿ ಹೇಳಿ ಅಂದೆ: "ಕ್ಯಾನ್ಸರ್ ವಾಪಸ್ ಬಂದಿದೆ. ಔಷಧಿ ನಡೀತಿದೆ. ಹೊಸದೇನಿದ್ದರೂ ನಿನಗೂ ಹೇಳ್ತೀವಿ." ಕೇಳಿದಾಗ ತಿಳಿಯಿತು, ಅವಳು ರಿಪೋರ್ಟನ್ನು ಯಾವಾಗಲೋ ಓದಿಬಿಟ್ಟಿದ್ದಳು.

ರೇಡಿಯೇಷನ್ ಆದ ಮೇಲೆ ಆಕೆಗೆ ರಾತ್ರಿ ನಿದ್ದೆ ಬರುತ್ತಿದೆ. ಇತ್ತೀಚಿನ ಸ್ಕ್ಯಾನ್‌ನಲ್ಲಿ ಲಿವರ್‌ನಲ್ಲೂ ಚುಕ್ಕೆ ಕಂಡು ಔಷಧಿ ಬದಲಾಯಿತು. ಅವತ್ತು ಅತ್ತರಂತೆ. ಗಂಡ ಸುಮ್ಮನಿರಿಸಲು ಹೋಗದೆ ಪಕ್ಕದಲ್ಲೇ ಕೂತಿದ್ದರಂತೆ. ಈಗ ಮಗಳದ್ದೊಂದು ಪ್ರಶ್ನೆ ಇದೆ: "ನನಗೂ ಬರುತ್ತಾ?" ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 5ರಿಂದ 10ರಷ್ಟು ಮಾತ್ರ ವಂಶವಾಹಿಯ ದೋಷದಿಂದ ಬರುತ್ತವೆ. ಅದರ ಪರೀಕ್ಷೆಯನ್ನು ಮೊದಲು ಅಮ್ಮನಿಗೇ ಮಾಡಬೇಕು. ಮುಂದಿನ ಭೇಟಿಗೆ ಮೂವರೂ ಬರುತ್ತಾರೆ, ಮಗಳು ಬೇರೆಯಾಗಿ ಮಾತಾಡಬೇಕು ಅಂದಿದ್ದಾಳೆ.